ಅತ್ತಿಗೆ ಅಳಿಸಿದ ಮೊದಲ ಅಧ್ಯಾಯ

ನಮ್ಮ ಅತ್ತಿಗೆಯ ವಿಷಯ ಬಂದರೆ ನಾನು ಸ್ವಲ್ಪ ಜಂಬ ಕೊಚ್ಚುತ್ತೇನೆ, ಕೇಳುವವರು ಸಹಿಸಿಕೊಳ್ಳಬೇಕು. ಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅವರು ಟೈಪಿಸ್ಟ್, ನಾನು ಬೈಂಡರ್. ಟೈಪಿಂಗ್ ವಿಭಾಗದ ಮುಖ್ಯಸ್ಥರು ನಿವೃತ್ತರಾದಾಗ ಮಾಲೀಕರು ಅತ್ತಿಗೆಗೆ ಹೇಳಿದರು: "ಹೊಸಬರಿಗೆ ಒಂದು ಪಾಠ ಮಾಡಿ ತೋರ್ಸಿ. ಚೆನ್ನಾಗಿ ಆದ್ರೆ ನೀವೇ ಹೆಡ್. ಇಲ್ಲಾಂದ್ರೆ ಹೊರಗಿಂದ ಯಾರನ್ನಾದ್ರೂ ಕರೀತೀನಿ."

ಅತ್ತಿಗೆಗೆ ಆ ಕುರ್ಚಿ ಬೇಕೇ ಬೇಕಿತ್ತು. ಆದರೆ ನಾಲ್ಕು ಜನರ ಮುಂದೆ ಬಾಯಿ ಬಿಡುವುದೆಂದರೆ ಎಲ್ಲಿಲ್ಲದ ಭಯ. ಪಾಠದ ಹಿಂದಿನ ದಿನ ಅಡುಗೆಮನೆಯಲ್ಲಿ ಸೌಟು ಹಿಡಿದು ನನಗೇ ಪಾಠ ಒಪ್ಪಿಸಿದರು.

"ಕಂಪ್ಯೂಟರಿನಲ್ಲಿ ಕ್ಯಾಟ್ ಅನ್ನೋ ಕಮ್ಯಾಂಡ್ ಬರೆದು ಫೈಲಿನ ಹೆಸರು ಕೊಟ್ರೆ ಒಳಗಿರೋದೆಲ್ಲ ಸ್ಕ್ರೀನ್ ಮೇಲೆ ಬರುತ್ತೆ. ಎರಡು ಹೆಸರು ಕೊಟ್ರೆ ಒಂದರ ಹಿಂದೆ ಒಂದು. ಬಾಣದ ಗುರುತು ಹಾಕಿ ಇನ್ನೊಂದು ಹೆಸರು ಕೊಟ್ರೆ, ಎರಡೂ ಸೇರಿ ಆ ಫೈಲಿಗೆ ಹೋಗುತ್ತೆ."

"ನನ್ನ ಕೆಲಸವೇ ಆಯ್ತಲ್ಲ ಅತ್ತಿಗೆ, ಗೋಂದು ಒಂದಿಲ್ಲ ಅಷ್ಟೆ."

"ಸುಮ್ನಿರಪ್ಪ, ಮೊದಲೇ ಭಯ."

ಪಾಠದ ದಿನ ಮಾಲೀಕರು ಹಿಂದಿನ ಬೆಂಚಿನಲ್ಲಿ ಕುಳಿತರು. ನಾನು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತೆ. ತಾವೇ ಟೈಪ್ ಮಾಡಿದ್ದ ಎರಡು ಅಧ್ಯಾಯಗಳನ್ನು ಜೋಡಿಸಲು ಹೊರಟ ಅತ್ತಿಗೆ, ಗಾಬರಿಯಲ್ಲಿ ಬಾಣದ ಮುಂದೆ ಹೊಸ ಹೆಸರಿನ ಬದಲು ಮೊದಲ ಅಧ್ಯಾಯದ ಹೆಸರನ್ನೇ ಬರೆದುಬಿಟ್ಟರು. ಸ್ಕ್ರೀನಿನಲ್ಲಿ ಬಂದ ಒಂದು ಸಾಲಿನ ಎಚ್ಚರಿಕೆ ಯಾರಿಗೂ ಅರ್ಥವಾಗಲಿಲ್ಲ. ಅತ್ತಿಗೆಯ ಮುಖ ಮಾತ್ರ ಬಿಳಿಚಿಕೊಂಡಿತು. ಮುಂದಿನ ವಿಷಯಕ್ಕೆ ಹಾರಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಹಾರಲಿಲ್ಲ.

"ಮೊದಲನೇ ಅಧ್ಯಾಯ ಹೋಯ್ತು. ನಾನೇ ಅಳಿಸ್ದೆ. ಬಾಣದ ಮುಂದೆ ಯಾವ ಹೆಸರಿದ್ರೂ ಕಂಪ್ಯೂಟರ್ ಮೊದ್ಲು ಆ ಫೈಲನ್ನ ಖಾಲಿ ಮಾಡುತ್ತೆ, ಆಮೇಲೆ ತುಂಬುತ್ತೆ. ಖಾಲಿಯಾದ್ಮೇಲೆ ಅದರಿಂದ ತರೋಕೆ ಏನಿರುತ್ತೆ? ಸೇರಿಸಿದ್ದಕ್ಕೆ ಯಾವಾಗ್ಲೂ ಹೊಸ ಹೆಸರು ಕೊಡಿ."

"ಇನ್ನೊಂದು ಕಾಪಿ?" ಮಾಲೀಕರು ಕೇಳಿದರು.

"ಇಲ್ಲ ಸರ್. ಹಸ್ತಪ್ರತಿ ಇದೆ, ಮತ್ತೆ ಟೈಪ್ ಮಾಡ್ತೀನಿ."

ಮಾಲೀಕರು ಎದ್ದು ಹೋದರು. ಕುರ್ಚಿ ಕೈತಪ್ಪಿತೆಂದು ನನಗೆ ಸಂಕಟವಾಯಿತು.

ಅತ್ತಿಗೆ ಹಸ್ತಪ್ರತಿ ಎತ್ತಿಕೊಂಡಾಗ ಹೊಸಬರಲ್ಲಿ ಒಬ್ಬಳು ಕೈ ಚಾಚಿದಳು. "ಮೇಡಂ, ನಂಗೆ ನಾಲ್ಕು ಹಾಳೆ ಕೊಡಿ." ಉಳಿದವರೂ ಹಂಚಿಕೊಂಡರು. ಸಂಜೆಯೊಳಗೆ ಎಲ್ಲರ ಫೈಲುಗಳೂ ಸಿದ್ಧವಾದವು. ಜೋಡಿಸಲು ಅತ್ತಿಗೆ ಆ ಹುಡುಗಿಯನ್ನೇ ಕೂರಿಸಿದರು. ಅವಳು ಹೆಸರುಗಳನ್ನು ಪುಟದ ಕ್ರಮದಲ್ಲಿ ಬರೆದು, ಬಾಣ ಹಾಕಿ, ತಡೆದು, ಎಲ್ಲದರ ಮೇಲೂ ಕಣ್ಣಾಡಿಸಿ, ಹೊಸ ಹೆಸರು ಕೊಟ್ಟಳು. ಅಧ್ಯಾಯ ಇಡಿಯಾಗಿ ಬಂತು. ಹೆಮ್ಮೆಯಿಂದ ನನ್ನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಮಾಲೀಕರು ಬಂದರು. "ಇಷ್ಟು ಜನ ಒಂದೇ ಕೆಲಸಕ್ಕೆ ಯಾರನ್ನ ಕೇಳಿ ಕೂತ್ರಿ?"

"ನಮ್ಮ ಹೆಡ್ ಮೇಡಂನ, ಸರ್," ಎಂದಳು ಹುಡುಗಿ, ಸ್ಕ್ರೀನಿನಿಂದ ತಲೆಯೆತ್ತದೆ.

ಮಾಲೀಕರು ಅವಳನ್ನು ತಿದ್ದಲಿಲ್ಲ.