ಮೂರು-ನಾಲ್ಕಕ್ಕೆ ಏನು ಊಟ?

ಬೆಳಿಗ್ಗೆ ಟ್ರೇಗಳನ್ನು ಗಾಡಿಗೆ ಏರಿಸುವ ಹೊತ್ತಿಗೆ ಸರಿಯಾಗಿ ಅವನು ಆಸ್ಪತ್ರೆಯ ಅಡುಗೆಮನೆ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಕಂಪ್ಯೂಟರ್ ಕೋಣೆಯ ಚಳಿಗೆಂದು ಹಾಕಿಕೊಂಡ ಸ್ವೆಟರ್ ಮೈಮೇಲೇ ಇರುತ್ತದೆ. ಒಳಗಿನ ಹಬೆಗೆ ಕನ್ನಡಕ ಮಂಜಾಗುತ್ತದೆ. ಅದನ್ನು ಒರೆಸಿಕೊಳ್ಳುತ್ತಲೇ ಕೇಳುತ್ತಾನೆ:

"ದೊಡ್ಡಕ್ಕ, ಮೂರು-ನಾಲ್ಕಕ್ಕೆ ಇವತ್ತು ಏನು ಊಟ?"

ಮೂರು-ನಾಲ್ಕು ಎಂದರೆ ಮೂರನೇ ವಾರ್ಡಿನ ನಾಲ್ಕನೇ ಹಾಸಿಗೆ. ದೊಡ್ಡಕ್ಕ ನಮ್ಮ ಮುಖ್ಯ ಅಡುಗೆಯವಳು. ಅವಳು ಹೇಳಿದ್ದನ್ನು ಕೇಳಿಕೊಂಡು, ಆ ಟ್ರೇಯ ಮುಚ್ಚಳ ತಾನೇ ಎತ್ತಿ ನೋಡಿ, ಮುಚ್ಚಿ, ಮೊಣಕಾಲು ನೋವನ್ನು ಬೈದುಕೊಳ್ಳುತ್ತಾ ಮತ್ತೆ ಮೆಟ್ಟಿಲು ಹತ್ತುತ್ತಾನೆ. ರಜೆಯ ದಿನವೂ ತಪ್ಪಿಸಿದವನಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು, "ಅಲ್ಲಿ ಇವರ ನೆಂಟರು ಯಾರಾದ್ರೂ ಇದ್ದಾರಾ?" ಎಂದು ಕೇಳುತ್ತಾರೆ. ಯಾರೂ ಇಲ್ಲ. ಒಂದು ಕಾಲದಲ್ಲಿ ಆ ಹಾಸಿಗೆಯ ಮೇಲೆ ನಮ್ಮ ಮನೆಯವರು ಮಲಗಿದ್ದರು, ಅಷ್ಟೇ.

ಅಡುಗೆಮನೆಯಲ್ಲಿ ಅವನಿಗೆ ಶೀಟಣ್ಣ ಎಂದೇ ಹೆಸರು. ಮೊದಲು ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದವನು. ರೇಡಿಯೋ ಕೇಳುವವರು ಕಡಿಮೆಯಾದ ಮೇಲೆ ಹಳೇ ಕಂಪ್ಯೂಟರೊಂದನ್ನು ಬಿಚ್ಚಿ ಜೋಡಿಸುತ್ತಾ, ಪುಸ್ತಕ ನೋಡಿಕೊಂಡೇ ಪ್ರೋಗ್ರಾಂ ಬರೆಯುವುದನ್ನು ಕಲಿತನಂತೆ. ಮನೆಯಲ್ಲಿ ತಾಯಿಗೆ ಕಿವಿ ಮಂದ. ಹಾಗಾಗಿ ಯಾರ ಹತ್ತಿರವೇ ಆಗಲಿ ಜೋರಾಗಿಯೇ ಮಾತಾಡುತ್ತಾನೆ, ಒಂದೇ ಮಾತನ್ನು ಎರಡು ಸಲ ಹೇಳುತ್ತಾನೆ. ಇಡೀ ಆಸ್ಪತ್ರೆಗೆ ಊಟದ ಶೀಟು ಕಳಿಸುವ ಈ ಮನುಷ್ಯನಿಗೆ ತನ್ನ ಡಬ್ಬಿಯಲ್ಲಿ ಹೆಂಡತಿ ಏನು ಹಾಕಿದ್ದಾಳೆಂದು ಗೊತ್ತಿರುವುದಿಲ್ಲ. ದೊಡ್ಡಕ್ಕನಿಗೆ ಅದೊಂದು ದಿನದ ತಮಾಷೆ.

ಶೀಟಿನ ವಿಷಯ ನನಗೆ ತಿಳಿದಷ್ಟು ಹೇಳುತ್ತೇನೆ. ಯಾರಿಗೆ ಉಪ್ಪಿಲ್ಲದ್ದು, ಯಾರಿಗೆ ಸಕ್ಕರೆಯಿಲ್ಲದ್ದು, ಯಾರಿಗೆ ಬರೀ ಸೂಪು ಎಂಬುದನ್ನು ನರ್ಸುಗಳು ವಾರ್ಡಿನಲ್ಲೇ ಒಂದು ವೆಬ್‌ಸೈಟಿನಲ್ಲಿ ತುಂಬುತ್ತಾರೆ. ಆ ವೆಬ್‌ಸೈಟು ಆಸ್ಪತ್ರೆಯ ಯಂತ್ರದಲ್ಲಿಲ್ಲ. ಎಲ್ಲೋ ದೂರದಲ್ಲಿ ಬಾಡಿಗೆಗೆ ಹಿಡಿದ ಯಂತ್ರದಲ್ಲಿದೆ. ಅದನ್ನು ಕ್ಲೌಡ್ ಎನ್ನುತ್ತಾರೆ. ಮಾಹಿತಿಯನ್ನೆಲ್ಲ ಒಟ್ಟು ಮಾಡಿ ಎಕ್ಸೆಲ್ ಫೈಲಾಗಿ ಇಳಿಸಿಕೊಡುವ ಗುಂಡಿಯೊಂದನ್ನು ಶೀಟಣ್ಣ ಮಾಡಿಟ್ಟಿದ್ದಾನೆ. ಅಡುಗೆಮನೆಯವರು ಅದನ್ನು ಒತ್ತಿ, ಬಂದ ಫೈಲನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಾರೆ.

"ಮೋಡದಿಂದ ಶೀಟು ಬರುತ್ತಂತೆ. ಬಿಸಿಲು ಬಂದ್ರೆ ಎಲ್ಲರಿಗೂ ಉಪವಾಸವೇನೋ?" ಎಂದು ದೊಡ್ಡಕ್ಕ ಕೇಳಿದ್ದಳಂತೆ.

"ನಿಮ್ಮ ಕೈಯಡುಗೆ ತಿನ್ನೋದಕ್ಕಿಂತ ಅದೇ ವಾಸಿ," ಎಂದು ಇವನು ಹೇಳಿ ಓಡಿದ್ದನಂತೆ.

ಆಗೆಲ್ಲ ಅವನು ಬಂದು ಕೇಳುತ್ತಿದ್ದ ಪ್ರಶ್ನೆ ಬೇರೆ. "ದೊಡ್ಡಕ್ಕ, ಶೀಟು ಬಂತಾ?" "ಬಂತಪ್ಪಾ." ಅಷ್ಟಕ್ಕೇ ಸಮಾಧಾನಪಟ್ಟುಕೊಂಡು ಹೋಗುತ್ತಿದ್ದ. ಅವನ ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಇಳಿದು ಬಂದ ಫೈಲಿನಲ್ಲಿ ಮಾತ್ರ ಬೇರೆಯೇ ನಡೆದಿತ್ತು. ಹಾಸಿಗೆಯ ಅಂಕಣದಲ್ಲಿ 3-4 ಎಂದಿರುವುದನ್ನು ಆ ದೂರದ ಯಂತ್ರ ತಾರೀಖು ಎಂದುಕೊಂಡು "ಏಪ್ರಿಲ್ 3" ಎಂದು ಬರೆದುಬಿಡುತ್ತಿತ್ತು.

ಅಡುಗೆಮನೆಯವರು ಇದನ್ನು ದೂರಲೇ ಇಲ್ಲ. ಏಪ್ರಿಲ್ ನಾಲ್ಕನೇ ತಿಂಗಳು, ಹಾಗಾದರೆ ಮೂರನೇ ವಾರ್ಡು, ನಾಲ್ಕನೇ ಹಾಸಿಗೆ ಎಂದು ತಾವೇ ಬಿಡಿಸಿಕೊಂಡರು. ಓದು ಬಂದವರು ಹೀಗೇ ಬರೆಯುತ್ತಾರೇನೋ ಎಂದುಕೊಂಡರು. "ಜೂನ್ ಐದಕ್ಕೆ ಉಪ್ಪು ಹಾಕ್ಬೇಡ್ರೇ," "ಮೇ ಎರಡರ ತಾತ ಮತ್ತೆ ಹಾಲು ಬೇಡ ಅಂದ್ರು" ಎಂದು ಮಾತಾಡಿಕೊಳ್ಳುವುದು ಅವರಿಗೆ ರೂಢಿಯಾಗಿಹೋಯಿತು.

ನಮ್ಮ ಮನೆಯವರು ಬಸ್ ಕಂಡಕ್ಟರ್. ಅವರ ದನಿ ಬಸ್ಸಿನ ಹಾರನ್ನಿಗಿಂತ ಜೋರು. ಆ ಗಂಟಲಿಗೇ ಆಪರೇಷನ್ ಆಗಿತ್ತು. ಒಳಗಿನ ಹೊಲಿಗೆ ಕೂಡುವವರೆಗೂ ಸೋಸಿದ ಸೂಪು ಬಿಟ್ಟು ಬೇರೇನೂ ಇಳಿಯಬಾರದು, ಗಟ್ಟಿ ಪದಾರ್ಥ ತಗುಲಿದರೆ ಹೊಲಿಗೆ ಬಿಚ್ಚಿ ರಕ್ತ ಶ್ವಾಸಕ್ಕೆ ನುಗ್ಗಬಹುದು ಎಂದು ಡಾಕ್ಟರು ಹೇಳಿದ್ದರು. ಅವರು ಹೇಳುವಾಗ ನಾನು ನೀರು ತರಲು ಹೋಗಿದ್ದೆ. ಇವರೊಬ್ಬರೇ ಕೇಳಿಸಿಕೊಂಡಿದ್ದರು, ಇವರಿಗೋ ಮಾತಾಡುವಂತಿರಲಿಲ್ಲ.

ಆ ಬೆಳಿಗ್ಗೆ ಟ್ರೇಯ ಮುಚ್ಚಳ ತೆಗೆದರೆ ಒಳಗೆ ಸುಟ್ಟ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಇವರ ಕಣ್ಣು ಅರಳಿತು. ನನ್ನ ಕಡೆ ತಿರುಗಿ, "ನೋಡು, ಡಾಕ್ಟರೇ ಬಿಟ್ಟಿದ್ದಾರೆ" ಎನ್ನುವಂತೆ ಕೈ ತಿರುಗಿಸಿದರು. ಸೂಪು ಕುಡಿದು ಬೇಸತ್ತಿದ್ದ ಜೀವ. ನನಗೂ ಖುಷಿಯೇ ಆಯಿತು. ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ಒಂದು ಗಳಿಗೆ ದೇವರನ್ನು ನೆನೆಯುವುದು ನನ್ನ ಪದ್ಧತಿ. ನಾನು ಕಣ್ಣು ತೆರೆಯುವವರೆಗೂ ಇವರು ಕಾಯುತ್ತಾರೆ, ಗೊಣಗುತ್ತಲೇ ಕಾಯುತ್ತಾರೆ. ಅವತ್ತು ಗೊಣಗಲೂ ಆಗದೆ ಬ್ರೆಡ್ಡು ಹಿಡಿದುಕೊಂಡು ಕಾದರು.

ಅದಕ್ಕೆ ಸ್ವಲ್ಪ ಮುಂಚೆಯೇ ನಾಲ್ಕನೇ ವಾರ್ಡಿನ ಮೂರನೇ ಹಾಸಿಗೆಯಲ್ಲಿದ್ದ ಅಜ್ಜಿ ರಂಪ ಎಬ್ಬಿಸಿದ್ದರು. "ನನ್ನ ಹಲ್ಲೆಲ್ಲ ಇನ್ನೂ ಬಾಯಲ್ಲೇ ಇದಾವೆ ಕಣಮ್ಮ! ಯಾರಿಗೆ ಬೇಕು ಈ ನೀರು?" ನರ್ಸು ಕಂಪ್ಯೂಟರ್ ಕೋಣೆಗೆ ಫೋನ್ ಮಾಡಿದಳು. ಶೀಟಣ್ಣ ಪರದೆ ನೋಡಿದ, ಸರಿಯಿತ್ತು. ಆಮೇಲೆ, ಮೊದಲ ಸಲ, ಆ ಫೈಲನ್ನು ತಾನೇ ಇಳಿಸಿ ತೆರೆದ.

ಹಿಂದಿನ ರಾತ್ರಿಯಷ್ಟೇ ವೆಬ್‌ಸೈಟನ್ನು ಬೇರೆ ಯಂತ್ರಕ್ಕೆ ಸಾಗಿಸಲಾಗಿತ್ತು. ಹೊಸ ಯಂತ್ರಕ್ಕೆ ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಓದುವ ಅಭ್ಯಾಸ. ನಮ್ಮ 3-4 ಅದರ ಲೆಕ್ಕದಲ್ಲಿ ಮಾರ್ಚ್ 4. ಅಜ್ಜಿಯ 4-3 ಏಪ್ರಿಲ್ 3. ಅಡುಗೆಮನೆಯವರು ಎಂದಿನಂತೆ ಬಿಡಿಸಿಕೊಂಡು ನಮ್ಮ ಸೂಪನ್ನು ಅಜ್ಜಿಗೂ ಅಜ್ಜಿಯ ಬ್ರೆಡ್ಡನ್ನು ನಮಗೂ ಕಳಿಸಿದ್ದರು. ಇನ್ನೂ ಕೆಲವು ಟ್ರೇಗಳು ಅದಲುಬದಲಾಗಿದ್ದವು, ಆದರೆ ಜೀವಕ್ಕೆ ಸಂಚಕಾರವಿದ್ದದ್ದು ಮೂರು-ನಾಲ್ಕಕ್ಕೆ ಮಾತ್ರ.

ನಾನು ಕಣ್ಣು ತೆರೆಯುವುದಕ್ಕೂ ಸ್ವೆಟರ್ ಹಾಕಿದ ಯಾರೋ ಒಬ್ಬ ಬಾಗಿಲಿಂದ ಕೂಗುವುದಕ್ಕೂ ಸರಿಹೋಯಿತು.

"ಯಜಮಾನ್ರೇ, ತಿನ್ಬೇಡಿ! ತಿನ್ಬೇಡಿ!"

ಬಂದವನೇ ಇವರ ಕೈಯಿಂದ ಬ್ರೆಡ್ಡು ಕಿತ್ತುಕೊಂಡ. ಆಮೇಲೆ ಏನು ಮಾಡಬೇಕೆಂದು ತೋಚದೆ ಅದನ್ನು ಹಿಡಿದುಕೊಂಡೇ ಮಂಚದ ಕಾಲಿಗೆ ಒರಗಿ ಕುಳಿತುಬಿಟ್ಟ. ಏದುಸಿರು, ಮೈಯೆಲ್ಲ ಬೆವರು. ನಾನೇ ನೀರು ಕೊಟ್ಟೆ. ನಮ್ಮ ಮನೆಯವರು ಮಾತ್ರ ಬ್ರೆಡ್ಡನ್ನೇ ನೋಡುತ್ತಿದ್ದರು.

ಮಧ್ಯಾಹ್ನದ ಶೀಟು ಬರುವ ಮುಂಚೆ ಅವನು ಗುಂಡಿಯ ಹಿಂದಿನ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ: ಈ ಅಂಕಣದಲ್ಲಿರುವುದು ತಾರೀಖಲ್ಲ, ಬರೆದದ್ದನ್ನು ಬರೆದಂತೆಯೇ ಇಡು ಎಂದು. ದೊಡ್ಡಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಾವು ಹೇಳ್ಬೇಕಿತ್ತು ಕಣೋ," ಎಂದಳಂತೆ. "ಹೇಳೋಕೆ ನಾನು ಕೇಳಿದ್ದೆನಾ, ದೊಡ್ಡಕ್ಕ? ಬಂತಾ ಅಂದೆ, ಬಂತು ಅಂದ್ರಿ," ಎಂದನಂತೆ ಇವನು.

ನಮ್ಮ ಮನೆಯವರು ವಾಸಿಯಾದರು. ಈಗ ದನಿ ಸ್ವಲ್ಪ ಗೊಗ್ಗರು, ಹಾರನ್ನಿಗೆ ಸಮ. ನಾನು ಅದೇ ಅಡುಗೆಮನೆಯಲ್ಲಿ ಟ್ರೇ ಜೋಡಿಸುವ ಕೆಲಸಕ್ಕೆ ಸೇರಿದೆ. ದಿನಾ ಕಣ್ಣು ಮುಚ್ಚಿದಾಗ ದೇವರ ಜೊತೆಗೆ ಆ ಸ್ವೆಟರೂ ನೆನಪಾಗುತ್ತದೆ. ಕಾಯುವ ಬುದ್ಧಿಯನ್ನು ಒಬ್ಬರಿಗೆ, ಓಡುವ ಕಾಲನ್ನು ಇನ್ನೊಬ್ಬರಿಗೆ ಕೊಟ್ಟನಲ್ಲ ಎಂದು ಕೈ ಮುಗಿಯುತ್ತೇನೆ.

ಆ ಕಾಲೇ ಈಗ ತೊಂದರೆ ಕೊಡುತ್ತಿದೆ. ಮೊನ್ನೆ ಅವನು ಗೋಡೆ ಹಿಡಿದುಕೊಂಡು ಇಳಿಯುವುದನ್ನು ನೋಡಲಾಗದೆ ಹೇಳಿದೆ: "ನಿಮ್ಮ ಋಣ ನಾನು ಹೇಗೂ ತೀರಿಸೋಕಾಗಲ್ಲ. ಇಷ್ಟಾದ್ರೂ ಮಾಡ್ತೀನಿ. ದಿನಾ ಬೆಳಿಗ್ಗೆ ನಾನೇ ಮುಚ್ಚಳ ತೆಗೆದು ನೋಡಿ ಮೇಲಕ್ಕೆ ಫೋನ್ ಮಾಡ್ತೀನಿ. ನೀವು ಕೂತಲ್ಲೇ ಕೂತಿರಿ."

"ಸುಮ್ನೆ ಒಪ್ಕೊಳೋ," ಎಂದಳು ದೊಡ್ಡಕ್ಕ. "ನಿನ್ನ ಮುಖ ನೋಡದಿದ್ರೆ ಹಾಲೂ ಒಡೆಯಲ್ಲ."

ಅವನು ನಕ್ಕ. ಕನ್ನಡಕ ಒರೆಸಿಕೊಂಡ.

"ಬೇಡ ಅಕ್ಕ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಕೂತಲ್ಲೇ ಕೂತು 'ಬಂತು' ಅನ್ನೋದನ್ನ ಕೇಳಿಸಿಕೊಂಡಿದ್ದು ಸಾಕಾಗಿದೆ, ಸಾಕಾಗಿದೆ," ಎಂದು ಹೇಳಿ, ಮೂರು-ನಾಲ್ಕರ ಟ್ರೇ ಯಾವುದೆಂದು ಕೇಳಿದ.