ನೀರುಗಂಟಿ ದೊಡ್ಡಪ್ಪನ ಬಲಗೈ

“ಆಗಾಕಿಲ್ಲ ಬುಡು” ಎಂದು ಮೊದಲು ಹೇಳಿದವರು ದೊಡ್ಡಪ್ಪ. ಮೊಣಕಾಲಿನವರೆಗೂ ಕಾಲುವೆಯ ಕೆಸರು ಒಣಗಿ ಬಿರುಕುಬಿಟ್ಟಿತ್ತು. ಬಲಗೈ ಹೆಬ್ಬೆರಳಿನ ಬುಡದಲ್ಲಿ, ತೂಬಿನ ಚಕ್ರ ತಿರುಗಿಸಿ ತಿರುಗಿಸಿ ಎದ್ದ ಜಡ್ಡು ಹುಣಸೆಬೀಜದಷ್ಟು ದಪ್ಪ. ಅರಕೆರೆ ಬಯಲಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ ಅವರು. ಈಗ ಅವರು ಬದುಕಿಲ್ಲ. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರೇ ಇರಲಿಲ್ಲ. ಹೃದಯ ತಪಾಸಣೆಯ ಪದವಿಗೆ ಮೈಸೂರಿಗೆ ಹೋಗುತ್ತೇನೆಂದಾಗ ಅವರು ಹಾಗೆಂದು ನಕ್ಕಿದ್ದರಲ್ಲಿ ತಪ್ಪೇನೂ ಇಲ್ಲ.

ಕೊನೆಯ ವರ್ಷದ ನನ್ನ ಪ್ರಾಜೆಕ್ಟು, ರಕ್ತನಾಳ ಎಷ್ಟು ಹಿಗ್ಗುತ್ತದೆಂದು ಅಳೆಯುವುದು. ಮುಂಗೈಗೆ ಪಟ್ಟಿ ಬಿಗಿದು ಐದು ನಿಮಿಷ ರಕ್ತ ತಡೆದು ತಟ್ಟನೆ ಬಿಡಬೇಕು. ರಕ್ತ ನುಗ್ಗಿದಾಗ ತೋಳಿನ ನಾಳ ಚೆನ್ನಾಗಿ ಅಗಲವಾದರೆ ಅದರ ಒಳಗೋಡೆ ಆರೋಗ್ಯವಾಗಿದೆ; ಆಗದಿದ್ದರೆ ಹೃದಯದ ಬಗ್ಗೆ ಎಚ್ಚರ. ಬರಬೇಕಿದ್ದವರೊಬ್ಬರು ಕೈಕೊಟ್ಟು, ಒಂದು ಅಳತೆ ಬಾಕಿ ಉಳಿಯಿತು. ಅದಿಲ್ಲದೆ ಪ್ರಾಜೆಕ್ಟಿಲ್ಲ, ಪದವಿಯೂ ಇಲ್ಲ. ಊರಿಗೆ ಬಂದು ಅತ್ತುಬಿಟ್ಟೆ.

“ನನ್ ಕೈ ಆಯ್ತದಾ?” ಎಂದರು ದೊಡ್ಡಪ್ಪ.

ಹೊಟ್ಟೆ ಖಾಲಿ ಇರಬೇಕು, ಕಾಫಿ, ಹೊಗೆಸೊಪ್ಪು ಕೂಡದು ಎಂದು ಮೂರು ಸಲ ಹೇಳಿದ್ದೆ. ಮೈಸೂರಿನ ಲ್ಯಾಬಿಗೆ ಬಂದವರನ್ನು ವಿಚಾರಿಸಿದರೆ, “ಬರಿ ಒಟ್ಟೇಲಿ ಬಸ್ಸತ್ತುಸ್ತಾಳಾ ನಿಮ್ ದೊಡ್ಡವ್ವ? ನಾಕೇ ರೊಟ್ಟಿ, ಒಸಿ ಬೆಣ್ಣೆ. ಕಾಫಿ ಅರ್ಧ ಲೋಟ ಕಣವ್ವಾ!” ಅಂದಿನ ಅಳತೆ ಹಾಳು.

ಅಳತೆ ಒಪ್ಪಿಸಲು ಮರುದಿನವೇ ಕಡೆಯ ದಿನ. ಎಂದೂ ಯಾರಿಗೂ ತೂಬಿನ ಬೀಗದ ಕೈ ಕೊಡದವರು ಅವತ್ತು ಪಕ್ಕದೂರಿನ ನೀರುಗಂಟಿಗೆ ಕೊಟ್ಟು ಮೊದಲ ಬಸ್ಸಿಗೆ ಬಂದರು. “ಅವ್ಳು ಏಳಾಕ್ ಮುಂಚೆ ಓಡ್ಬಂದ್ಬುಟ್ಟೆ.”

ಪಟ್ಟಿ ಬಿಗಿದೆ. ಬೆರಳುಗಳು ಬಿಳಿಚಿಕೊಂಡವು. ಐದು ನಿಮಿಷ ಎಣಿಸಿದೆ. ಬಿಟ್ಟೆ. ಪರದೆಯ ಮೇಲೆ ಆ ಕಪ್ಪು ನಾಳ ಮೆಲ್ಲಗೆ, ಕೂದಲೆಳೆಯಷ್ಟು, ಅಗಲವಾಯಿತು. ದೊಡ್ಡಪ್ಪ ಪರದೆಯಿಂದ ಕಣ್ಣು ಕೀಳಲಿಲ್ಲ.

“ನಾನು ತೂಬೆತ್ತುದ್ರೆ ಕಾಲ್ವೆ ಅಗ್ಲ ಆಗಾಕಿಲ್ಲ, ನೀರು ಜಾಸ್ತಿ ಆದ್ರೆ ಏರಿ ಒಡಿತದೆ ಅಷ್ಟೆ. ಇದು ತಾನಾಗೇ ಸರ್ಕೊಂಡು ದಾರಿ ಬುಡ್ತಲ್ಲಾ! ಯಾರವ್ವಾ ಇದ್ಕೆ ಯೋಳ್ಕೊಟ್ಟೋರು?”

ಪುಸ್ತಕದ ಉತ್ತರ ಗೊತ್ತಿತ್ತು. ಹೇಳುವ ಬದಲು ಆ ಚಿತ್ರವನ್ನೇ ಇನ್ನೊಮ್ಮೆ ತೋರಿಸಿದೆ.

ಪದವಿ ಪತ್ರ ಸಿಕ್ಕ ದಿನ ಬಸ್ಸಿಳಿದವಳು ನೇರ ಕಾಲುವೆ ಏರಿಗೆ ಹೋದೆ. ದೊಡ್ಡಪ್ಪ ಪಂಚೆಗೆ ಕೈ ಒರೆಸಿಕೊಂಡು ಪತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಓದಲು ಬಾರದಿದ್ದರೂ ಮೇಲಿಂದ ಕೆಳಗೆ ಒಂದೊಂದೇ ಸಾಲು ನೋಡಿದರು.

“ನಿನ್ ಎಸ್ರು ಇದೇನಾ? ಸರಿ. ನನ್ ಕೈ ಎಲ್ಲವ್ವಾ ಬರ್ದವ್ರೆ?”