ಖಾಕಿ ಕಾಗದದ ಬಂಡೆ

ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳುಗಳನ್ನು ಮಡಚಲಾಗಲಿಲ್ಲ. ಬಿಳೇಕಹಳ್ಳಿಯ ಫಿಸಿಯೋಥೆರಪಿ ಮೇಡಂ ಒಂದು ಸ್ಪಂಜಿನ ಚೆಂಡು ಕೊಟ್ಟು, "ಈಗ ಬಿಟ್ರೆ ಹೀಗೇ ಗಟ್ಟಿಯಾಗ್ಬಿಡುತ್ತೆ ಆಂಟಿ. ನೋವಾದ್ರೂ ದಿನಾ ಹಿಸುಕ್ಬೇಕು" ಎಂದಿದ್ದರು. ಚೆಂಡು ಟಿವಿಯ ಪಕ್ಕ ಧೂಳು ಹಿಡಿಯುತ್ತ ಕೂತಿತು. ಅಮ್ಮ ಎಲ್ಲ ಕೆಲಸವನ್ನೂ ಎಡಗೈಗೆ ರೂಢಿ ಮಾಡಿಕೊಂಡಳು. ನಾನು ಭಾನುವಾರಗಳಂದು ಅವಳ ನಡುಬೆರಳ ತುದಿಗೂ ಅಂಗೈಗೂ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆದು ಬರೆದಿಡುತ್ತಿದ್ದೆ. ಅಂಕಿ ಕದಲಲಿಲ್ಲ.

ಅದೇ ಸಮಯಕ್ಕೆ ನಮ್ಮ ಕಾಲೇಜಿನ ಇತಿಹಾಸ ವಿಭಾಗದ ಪ್ರದರ್ಶನ ಬಂತು. ನನ್ನ ಪಾಲಿಗೆ ಬಂದದ್ದು ಶಿಲಾಯುಗದ ಬಂಡೆಚಿತ್ರ. ಪುಸ್ತಕಕ್ಕೆ ಬೈಂಡ್ ಹಾಕುವ ದೊಡ್ಡ ಖಾಕಿ ಹಾಳೆ ತಂದೆ. ಅದನ್ನು ಒದ್ದೆ ಮಾಡಿ ಮುದುರಬೇಕು, ಬಿಡಿಸಬೇಕು, ಮತ್ತೆ ಮುದುರಬೇಕು. ಕಾಗದ ಬಟ್ಟೆಯಷ್ಟು ಮೆತ್ತಗಾದ ಮೇಲೆ ಕಾಫಿ ಚರಟದ ನೀರು ಸವರಿದರೆ ಸುಕ್ಕುಗಳಲ್ಲಿ ಬಣ್ಣ ನಿಂತು ಬಂಡೆಯ ಮೈ ಕಾಣುತ್ತದೆ. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಅಪ್ಪ, ನಾನು ಒಣಗಲು ಹಾಕಿದ್ದ ಹಾಳೆಯನ್ನು ನೋಡಿ, "ಬಂಡೆನೋ, ಬೋಂಡ ಕಟ್ಟಿದ ಪೇಪರ್ರೋ?" ಎಂದರು.

ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಇದ್ದಿಲು. ಬಿಳಿಗೆ ಚಾಕ್‌ಪೀಸ್ ಪುಡಿ ಹಿಡಿಯಲಿಲ್ಲ. ಅಮ್ಮ ದೇವರ ಗೂಡಿನಿಂದ ವಿಭೂತಿ ಗಟ್ಟಿಯ ಒಡೆದ ಚೂರು ತಂದಿಟ್ಟು, "ತಗೋ, ಎತ್ತಿಗೆ ತಾನೆ? ಶಿವ ಏನೂ ಬೇಜಾರ್ ಮಾಡ್ಕೊಳಲ್ಲ" ಎಂದಳು.

ನಾನು ಎತ್ತು ಬರೆಯಲು ಕೂತೆ. ಕೊಂಬು ಎರಡೂ ಒಂದೇ ಸಮ ಬರಲೆಂದು ಮೊದಲು ಚುಕ್ಕಿ ಇಟ್ಟುಕೊಂಡೆ. ಚಿಕ್ಕಂದಿನಿಂದ ಬಾಗಿಲ ಮುಂದೆ ಕಲಿತದ್ದೇ ಹಾಗೆ. ಚುಕ್ಕಿ ಇಡದೆ ಗೆರೆ ಎಳೆಯಲು ನನಗೆ ಧೈರ್ಯವಿಲ್ಲ. ಗುರುವಾರ ಸಂಜೆ ಮುಗಿಸಿ ಅಮ್ಮನಿಗೆ ತೋರಿಸಿದೆ.

"ಇದೇನೇ, ಗುಹೆ ಬಾಗ್ಲಿಗೆ ರಂಗೋಲಿ ಹಾಕಿದ್ಯಾ?"

ನಿಜವಾಗಿಯೂ ಸಂಕ್ರಾಂತಿಯ ಎತ್ತಿನ ಹಾಗೇ ಇತ್ತು. ಅಳಿಸಲು ಹೋಗಿ ಹಾಳೆಯೂ ಹರಿಯಿತು. ಶನಿವಾರ ಪ್ರದರ್ಶನ, ಶುಕ್ರವಾರ ಬೆಳಿಗ್ಗೆ ಇಂಟರ್ನಲ್ ಪರೀಕ್ಷೆ. ನನಗೆ ಅಳು ಬಂತು.

"ನೀನ್ ಓದ್ಕೋ. ಇನ್ನೊಂದ್ ಹಾಳೆ ನಾನ್ ಮುದುರ್ತೀನಿ" ಎಂದು ಅಮ್ಮ ನೆಲದ ಮೇಲೆ ಕೂತಳು. ಎಡಗೈಯೊಂದರಿಂದಲೇ ಶುರು ಮಾಡಿದಳು. ಅಷ್ಟು ದೊಡ್ಡ ಹಾಳೆ ಒಂದು ಕೈಗೆ ಬಗ್ಗದು. ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತಿತ್ತು. ಕೊನೆಗೆ ಬಲಗೈ ಸೇರಿಸಿದಳು. ಹಲ್ಲು ಕಚ್ಚಿ "ಶಿವಾ" ಎನ್ನುವುದು ಕೇಳಿಸಿತು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. ಎತ್ತಿದ್ದರೆ ನಿಲ್ಲಿಸಿಬಿಡುತ್ತಿದ್ದಳೇನೋ. ಕಾಗದದ ಸದ್ದು ಮೊದಲು ಬಿಟ್ಟುಬಿಟ್ಟು ಬರುತ್ತಿತ್ತು, ಆಮೇಲೆ ಒಂದೇ ಸಮನೆ ಬರತೊಡಗಿತು.

ಮರುದಿನ ಪರೀಕ್ಷೆ ಮುಗಿಸಿ ಬಂದಾಗ ಹಾಳೆ ಒಣಗಿತ್ತು. ಈ ಸಲ ಚುಕ್ಕಿ ಬೇಡವೆಂದು ಅಮ್ಮನನ್ನೇ ಬರೆಯಲು ಕೇಳಿದೆ. ಚಿತ್ರದ ಗೆರೆ ಎಡಗೈಗೆ ಒಲಿಯಲಿಲ್ಲ. ಬಲಗೈಗೆ ಬಣ್ಣದ ಕಡ್ಡಿ ಹಿಡಿಯಲು ಆಗದ್ದರಿಂದ ಅದರ ತೋರುಬೆರಳನ್ನೇ ಕೆಮ್ಮಣ್ಣಿನಲ್ಲಿ ಅದ್ದಿ ನೇರವಾಗಿ ಎಳೆದಳು. ಎತ್ತಿನ ಬೆನ್ನು ಎಲ್ಲೋ ಏರಿ ಎಲ್ಲೋ ಇಳಿಯಿತು. ಒಂದು ಕಾಲು ಗಿಡ್ಡವಾಯಿತು.

"ಕುಂಟೆತ್ತು ಕಣೇ ಇದು."

"ಬೇಟೆಗಾರ್ರಿಗೆ ಸುಲಭ ಆಯ್ತು ಬಿಡು" ಎಂದೆ. ಇಬ್ಬರೂ ನಕ್ಕೆವು. ಸುಕ್ಕುಗಳ ನಡುವೆ ಆ ಎತ್ತು ಬಹಳ ಹಳೆಯದಾಗಿ ಕಾಣುತ್ತಿತ್ತು.

ಶನಿವಾರ ಅದನ್ನು ರಟ್ಟಿಗೆ ಅಂಟಿಸಿ ಇಬ್ಬರೂ ಜಯನಗರದ ಬಸ್ ಹತ್ತಿದೆವು. ಸೀಟು ಇರಲಿಲ್ಲ. ರಟ್ಟಿನ ಒಂದು ತುದಿ ನನ್ನ ಎರಡೂ ಕೈಯಲ್ಲಿ, ಇನ್ನೊಂದು ತುದಿ ಅಮ್ಮನ ಎಡಗೈಯಲ್ಲಿ. ಸಾರಕ್ಕಿ ಸಿಗ್ನಲ್ಲಿನಲ್ಲಿ ಡ್ರೈವರ್ ಬ್ರೇಕ್ ಹಾಕಿದ. ಅಮ್ಮ ಬಲಗೈ ಚಾಚಿ ಕಂಬ ಹಿಡಿದಳು. ನಾಲ್ಕು ಬೆರಳು ಕಂಬವನ್ನು ಸುತ್ತಿಕೊಂಡವು. ಕಿರುಬೆರಳು ಮಾತ್ರ ಹೊರಗೆ ನಿಂತಿತು. ಅವಳು ಕಿಟಕಿಯಾಚೆಯ ಟ್ರಾಫಿಕ್ಕಿಗೆ ಬೈಯುತ್ತಿದ್ದಳು, ತನ್ನ ಕೈ ನೋಡಿಕೊಳ್ಳಲಿಲ್ಲ. ಹೇಳಿದರೆ ಎಲ್ಲಿ ಬಿಟ್ಟುಬಿಡುತ್ತಾಳೋ ಎಂದು ನಾನೂ ಟ್ರಾಫಿಕ್ಕಿಗೇ ಬೈದೆ. ಹರಿದುಹೋದ ಆ ಮೊದಲ ಹಾಳೆಗೆ ಮನಸ್ಸಿನಲ್ಲೇ ಕೈಮುಗಿದು, ನಮ್ಮ ಸ್ಟಾಪ್ ಇನ್ನಷ್ಟು ತಡವಾಗಿ ಬರಲಿ ಎಂದುಕೊಂಡೆ.